ಗಾಡಿ ಮಲಗುವ ಮನೆ

ಚಿಕ್ಕಮಗಳೂರು
26 ಮೇ 1998, ಮಂಗಳವಾರ

ಕಲ್ಲುಗುಡ್ಡೆ ಎಸ್ಟೇಟಿನ ಸಾಹುಕಾರರಾದ ಓಂಕಾರಪ್ಪನವರಿಗೆ, ಪೇಟೆ ಮನೆಯ ಕಾವಲು ಕಾಯುವ ಸರ್ವಮಂಗಳಾ ಮಾಡುವ ನಮಸ್ಕಾರಗಳು.

ನಾನೂ ರಶ್ಮಿಯೂ ಚೆನ್ನಾಗಿದ್ದೇವೆ. ಐದನೇ ಕ್ಲಾಸಿನ ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಮುಗಿಸಿದ್ದಾಳೆ. ಶಾಲೆ ಶುರುವಾಗುವ ಮೊದಲು ಒಂದು ಸಲ ತೋಟಕ್ಕೆ ಕರೆದುಕೊಂಡು ಹೋಗಿ ಎಂದು ನನ್ನ ತಲೆ ತಿನ್ನುತ್ತಿದ್ದಾಳೆ. ಅವಳ ಅಪ್ಪನಿಗೆ ಬರೆ ಎಂದಿದ್ದೇನೆ.

ನಿನ್ನೆ ವಿಮೆ ಏಜೆಂಟ್ ಸುಬ್ಬಣ್ಣ ಬಂದಿದ್ದರು. ಕಾರು, ಜೀಪು ಎರಡರ ವಿಮೆಯೂ ಮುಂದಿನ ತಿಂಗಳು ಮುಗಿಯುತ್ತದಂತೆ. ಯಾವ ಮನೆಯ ವಿಳಾಸ ಹಾಕಲಿ ಎಂದು ಕೇಳಿದರು. “ಗಾಡಿಯದ್ದಿರಲಿ ಸುಬ್ಬಣ್ಣ, ನಮ್ಮ ಯಜಮಾನ್ರ ವಿಳಾಸವೇ ನಂಗೆ ಸರಿಯಾಗಿ ಗೊತ್ತಿಲ್ಲ” ಎಂದೆ. ಅವರು ನಗಲಿಲ್ಲ. ವಿಮೆ ಮಾಡಿಸುವವರಿಗೆ ನಗು ಬರುವುದಿಲ್ಲ ಎಂದು ಕಾಣುತ್ತದೆ. “ನಿಮ್ಮಂಥ ತೋಟದೋರದ್ದೆಲ್ಲ ಎರಡೆರಡು ಮನೆ ಅಮ್ಮಾ. ನಾನು ಒಂದೇ ಕೇಳೋದು. ಗಾಡಿ ಹೆಚ್ಚಿಗೆ ಯಾವ ಮನೇಲಿ ಮಲಗುತ್ತೆ? ಅದನ್ನೇ ಬರೆಸಿ. ನಾಳೆ ಏನಾದ್ರೂ ಆದ್ರೆ ಕೇಳೋರು ಆ ಬಾಗಿಲಿಗೇ ಬರೋದು” ಎಂದರು.

ನಾಳೆ ಏನಾದರೂ ಆದರೆ ಎಂದಿದ್ದೇ ತಡ, ನಾನು ಕಾಫಿ ಲೋಟ ಕೆಳಗಿಟ್ಟೆ. ನೀವು ಭಾನುವಾರ ಹೊರಟರೆ, ಸೋಮವಾರ ಕಳಸದ ಬಸ್ಸಿನ ಕಂಡಕ್ಟರ್ ಬೊಮ್ಮಯ್ಯ ನಮ್ಮ ಗೇಟಿನ ಮುಂದೆ ಕೂಗಿ ಹೇಳುವ ತನಕ ನನ್ನ ಜೀವ ನನ್ನಲ್ಲಿರುವುದಿಲ್ಲ. “ಸಾಹುಕಾರ್ರು ಮುಟ್ಟಿದ್ರು ಅಮ್ಮಾ!” ಎಂದು ಅವನು ಕೂಗಿದ ಮೇಲೆ ನನಗೆ ಹಸಿವೆ. ನೀವು ಗಾಡಿ ಓಡಿಸುವ ಚಂದ ಅಂಥದ್ದು.

ನನ್ನ ಮಾತು ಕೇಳುವುದಾದರೆ ಎರಡಕ್ಕೂ ತೋಟದ ವಿಳಾಸ ಕೊಡಿ. ಮಳೆ ಹಿಡಿದಾಗ ಕಾರು ಕೆಳಗೆ ಪೇಟೆಗೆ ಇಳಿಯುತ್ತದೆ, ದೀಪಾವಳಿ ಕಳೆದು ಕೊಯ್ಲಿಗೆ ಮತ್ತೆ ಹತ್ತುತ್ತದೆ. ಇಲ್ಲಿ ಹೊದಿಕೆ ಹೊದ್ದು ಮಲಗುವುದು ಮಳೆಗಾಲದಲ್ಲಿ ಮಾತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮುಂದೆ ತೊಂದರೆಯಿಲ್ಲ.

ನಿಮ್ಮ ಕೊಡೆಯ ತೂತಿಗೆ ರಶ್ಮಿಯ ಹಳೆಯ ಯೂನಿಫಾರಮ್ಮಿನ ಹಸಿರು ಬಟ್ಟೆಯ ತೇಪೆ ಹಾಕಿದ್ದೇನೆ. ಈ ಪತ್ರದ ಜೊತೆ ಅದನ್ನೂ ಬೊಮ್ಮಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಚಂದ ಇಲ್ಲ ಎನ್ನಬೇಡಿ.

ನಿಮ್ಮ,
ಸರ್ವಮಂಗಳಾ


ಕಲ್ಲುಗುಡ್ಡೆ ಎಸ್ಟೇಟ್, ಕಳಸ
30 ಮೇ 1998

ಮಂಗಳಾ,

ಕೊಡೆ ತಲುಪಿತು. ಕಪ್ಪು ಕೊಡೆಗೆ ಹಸಿರು ತೇಪೆ ನೋಡಿ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ, “ಇನ್ನು ನಿಮ್ಮ ಕೊಡೆ ಎಲ್ಲೂ ಕಳೆಯಲ್ಲ ಬಿಡಿ” ಎಂದ. ಆಳುಗಳೆಲ್ಲ ನಕ್ಕರು. ಆದರೂ ನೀರು ಒಂದು ಹನಿ ಒಳಗೆ ಬರುತ್ತಿಲ್ಲ. ನಿನ್ನ ಕೈ ಹೊಲಿಗೆ ಅಲ್ಲವೇ.

ವಿಳಾಸದ ವಿಷಯಕ್ಕೆ ಅಷ್ಟೊಂದು ಯೋಚನೆ ಯಾಕೆ? ಜೀಪಿಗೆ ತೋಟದ್ದು, ಕಾರಿಗೆ ಪೇಟೆಯದ್ದು ಇರಲಿ. ಹಿಂದೊಂದು ವರ್ಷ ಕಾರಿನದ್ದೂ ಇಲ್ಲಿಗೇ ಹಾಕಿಸಿ ಏನಾಯಿತು, ಮರೆತೆಯಾ? ವಿಮೆಯವರ ಕಾಗದ ಕಳಸದ ಅಂಗಡಿಯಲ್ಲಿ ಬೆಲ್ಲದ ಡಬ್ಬದ ಹಿಂದೆ ಕೂತಿತ್ತು. ನಮ್ಮ ಕೈಗೆ ಸಿಕ್ಕಿದ್ದು ಮಳೆ ಬಿಟ್ಟ ಮೇಲೆ. ಇಷ್ಟಕ್ಕೂ ಗಾಡಿ ಎಲ್ಲಿ ಮಲಗಿತು, ಎಲ್ಲಿ ಎದ್ದಿತು ಎಂದು ನೋಡಲು ಯಾರು ಬರುತ್ತಾರೆ?

ಮೃಗಶಿರಾ ಮಳೆ ಹಿಡಿಯುವ ಮೊದಲು ಕಾರು ಇಳಿಸುತ್ತೇನೆ. ರಶ್ಮಿಯನ್ನು ಆಗ ಕರೆದುಕೊಂಡು ಬರುತ್ತೇನೆ ಎಂದು ಹೇಳು. ನಿಧಾನಕ್ಕೇ ಓಡಿಸುತ್ತೇನೆ ಮಾರಾಯ್ತಿ, ಹೆದರಬೇಡ.

ಓಂಕಾರ


ಚಿಕ್ಕಮಗಳೂರು
16 ಜೂನ್ 1998

ಇವರಿಗೆ,

ನೀವು ಹೇಳಿದ ಹಾಗೆಯೇ ಬರೆಸಿದೆ. ಸುಬ್ಬಣ್ಣ ಪಾಲಿಸಿ ಕೊಟ್ಟು ಹೋದರು. ಕಾರು ನಮ್ಮ ಶೆಡ್ಡಿನಲ್ಲಿ ಹೊದ್ದು ಮಲಗಿದೆ. ಹೋಗುವಾಗ ಸುಬ್ಬಣ್ಣ ಇನ್ನೊಂದು ಮಾತು ಹೇಳಿದರು. “ಇದು ನಿಮ್ಮ ಗಾಡಿಗೆ ಅಂತ ತಿಳ್ಕೊಂಡಿದೀರಲ್ಲ ಅಮ್ಮಾ, ಮುಖ್ಯವಾಗಿ ಇರೋದು ರಸ್ತೇಲಿ ನಡ್ಕೊಂಡು ಹೋಗೋರಿಗೆ. ಗಾಡಿ ಯಾವುದು ಅಂತ ಗೊತ್ತಿದ್ರೆ ಅವರಿಗೆ ಪರಿಹಾರ ಸಿಗುತ್ತೆ. ಗೊತ್ತಿಲ್ಲದಿದ್ರೆ ಅವರ ಪಾಡು ಕೇಳೋರಿಲ್ಲ.” ನನಗೆ ಹೊಸ ವಿಷಯ. ನಿಮಗೆ ಗೊತ್ತಿತ್ತೇ?

ಜೀಪಿನ ಗೇರು ಕರಕರ ಎನ್ನುತ್ತಿದೆ ಎಂದು ರಶ್ಮಿ ತೋಟದಿಂದ ಬಂದು ಹೇಳಿದಳು. ಘಾಟಿಯಲ್ಲಿ ಕೈ ಕೊಟ್ಟರೆ ಏನು ಗತಿ? ದಯವಿಟ್ಟು ಇಳಿಸಿ, ಇಲ್ಲಿ ವರ್ಕ್‌ಶಾಪಿಗೆ ಬಿಡಿ. ಫೋನು ಸತ್ತು ಹೋಗಿದೆ. ಮಳೆ ಬಿಡುವ ತನಕ ಏಳುವುದಿಲ್ಲ.

ಸರ್ವಮಂಗಳಾ


ಮನೆಯಲ್ಲೇ, ನಿನ್ನ ಅಡುಗೆಮನೆಯಲ್ಲಿ ಕೂತು
3 ಆಗಸ್ಟ್ 1998, ಸೋಮವಾರ ಬೆಳಗ್ಗೆ

ಮಂಗಳಾ,

ನೀನು ರಶ್ಮಿಯನ್ನು ಶಾಲೆಗೆ ಬಿಡಲು ಹೋಗಿರುವಾಗ ಬಂದೆ. ಕಾರು ಶೆಡ್ಡಿನಲ್ಲಿ ಬಿಟ್ಟಿದ್ದೇನೆ. ಎಡಗಡೆಯ ದೀಪ ಒಡೆದಿದೆ, ದಾರಿಯಲ್ಲಿ ಮರದ ಕೊಂಬೆ ತಾಗಿತು. ಹೊದಿಕೆ ಹಾಕಿದ್ದೇನೆ, ತೆಗೆಯಬೇಡ. ರಿಪೇರಿಗೆ ಯಾರನ್ನೂ ಕರೆಯಬೇಡ.

ಜೀಪು ವರ್ಕ್‌ಶಾಪಿನಲ್ಲೇ ಇರಲಿ. ನಾನು ಬಸ್ಸಿಗೆ ಹೋಗುತ್ತೇನೆ.

ಯಾರಾದರೂ ಕೇಳಿದರೆ, ಮಳೆ ಹಿಡಿದಾಗಿನಿಂದ ಕಾರು ಇಲ್ಲೇ ಇದೆ ಎನ್ನು. ಪಾಲಿಸಿಯಲ್ಲೂ ಈ ಮನೆಯ ವಿಳಾಸವೇ ಇದೆ.

ಓಂಕಾರ


ಚಿಕ್ಕಮಗಳೂರು
6 ಆಗಸ್ಟ್ 1998, ಗುರುವಾರ

ಇವರಿಗೆ,

ಸೋಮವಾರ ಮನೆಗೆ ಬಂದರೆ ಮೇಜಿನ ಮೇಲೆ ನಿಮ್ಮ ಚೀಟಿ, ಪಕ್ಕದಲ್ಲಿ ಮುಟ್ಟದೆ ಬಿಟ್ಟ ಕಾಫಿ. ಮಗಳನ್ನು ನೋಡದೆ ಹೋದವರಲ್ಲ ನೀವು. ಸಂಜೆ ರಶ್ಮಿ, “ಅಪ್ಪ ಬಂದಿದ್ರಂತೆ, ಪಕ್ಕದ ಮನೆ ಅಜ್ಜಿ ನೋಡಿದ್ರಂತೆ, ನಂಗ್ಯಾಕೆ ಕಾಯ್ಲಿಲ್ಲ?” ಎಂದು ಕೇಳಿದಳು. ಕೆಲಸವಿತ್ತು ಎಂದೆ. ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಎರಡು ದಿನ ತಡೆದೆ. ನಿನ್ನೆ ಹೊದಿಕೆ ಎತ್ತಿ ನೋಡಿದೆ.

ದೀಪದ ಗಾಜು ಒಡೆದಿದೆ ಸರಿ. ಅದರ ಸುತ್ತಲಿನ ಬಳೆಗೆ ಕಪ್ಪು ಕಂಬಳಿಯ ಎಳೆಗಳು ಸಿಕ್ಕಿಕೊಂಡಿವೆ. ಕೈಯಲ್ಲಿ ಹಿಡಿದು ನೋಡಿದೆ. ಒದ್ದೆ ಉಣ್ಣೆಯ ವಾಸನೆ. ಯಾವ ಮರದ ಕೊಂಬೆ ಕಂಬಳಿ ಕೊಪ್ಪೆ ಹೊದ್ದು ರಸ್ತೆಯಲ್ಲಿ ನಿಂತಿರುತ್ತದೆ? ಅಲ್ಲೇ ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟೆ.

ಜೀಪಿನ ಗೇರು ಬಿಚ್ಚಿದ್ದಾರೆ ಎಂದು ನೀವು ಭಾನುವಾರ ಮಧ್ಯಾಹ್ನ ಕಾರಿನಲ್ಲೇ ಹೊರಟಿರಿ. ಮಳೆಗಾಲದಲ್ಲಿ ಕಾರು ಹತ್ತಿಸಬೇಡಿ ಎಂದೆ. ಒಂದೇ ವಾರ ಎಂದಿರಿ. ಗೇಟಿನ ತನಕ ಬಂದು ಕೈ ಬೀಸಿದವಳು ನಾನು. ಈಗ ಮಳೆ ಹಿಡಿದಾಗಿನಿಂದ ಕಾರು ಇಲ್ಲೇ ಇದೆ ಎಂದು ಯಾರಿಗೆ ಹೇಳಲಿ? ಯಾಕೆ ಹೇಳಲಿ?

ಭಾನುವಾರ ಸಂಜೆ ಆಲ್ದೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾವುದೋ ಬಿಳಿ ಕಾರು ಒಬ್ಬ ಆಳಿಗೆ ಗುದ್ದಿ ಹೋಯಿತಂತೆ. ತರಕಾರಿ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಅರ್ಧ ಕೊಂಡ ಬೀನ್ಸ್ ಅಲ್ಲೇ ಬಿಟ್ಟು ಬಂದೆ.

ಅಲ್ಲ ಎಂದು ಒಂದು ಸಾಲು ಬರೆಯಿರಿ. ನಾನು ನಂಬುತ್ತೇನೆ.

ಸರ್ವಮಂಗಳಾ


ಕಲ್ಲುಗುಡ್ಡೆ
10 ಆಗಸ್ಟ್ 1998

ಮಂಗಳಾ,

ಇಂಥದ್ದನ್ನೆಲ್ಲ ಕಾಗದದಲ್ಲಿ ಬರೆಯಬೇಡ. ಬೊಮ್ಮಯ್ಯನ ಚೀಲದಲ್ಲಿ ಹತ್ತು ಜನರ ಕೈ ಹೋಗುತ್ತದೆ.

ಪೊಲೀಸರು ಹೊರನಾಡಿನ ದೇವಸ್ಥಾನಕ್ಕೆ ಬರುವ ದೂರದ ಊರಿನ ಕಾರುಗಳನ್ನು ಹುಡುಕುತ್ತಿದ್ದಾರಂತೆ. ಮಳೆಗಾಲದಲ್ಲಿ ತೋಟದವರ ಕಾರುಗಳು ಪೇಟೆಯಲ್ಲಿರುತ್ತವೆ ಎಂದು ಎಲ್ಲರಿಗೂ ಗೊತ್ತು. ಯಾರೂ ನಮ್ಮ ಕಡೆ ನೋಡುವುದಿಲ್ಲ. ಪಾಲಿಸಿಯಲ್ಲಿ ವಿಳಾಸವೂ ಸರಿಯಾಗಿದೆ. ಕಾರು ಇಲ್ಲಿ ಬಂದಿದ್ದನ್ನು ಪುಟ್ಟಸ್ವಾಮಿ ಒಬ್ಬ ನೋಡಿದ್ದಾನೆ. ಅವನು ಬಾಯಿ ಬಿಡುವವನಲ್ಲ.

ರಶ್ಮಿಯ ಮುಖ ನೋಡು. ಅವಳಿಗೋಸ್ಕರವಾದರೂ ಸುಮ್ಮನಿರು. ಆ ಎಳೆಗಳನ್ನು ಒಲೆಗೆ ಹಾಕು.

ಓಂಕಾರ


ಚಿಕ್ಕಮಗಳೂರು
14 ಆಗಸ್ಟ್ 1998, ಶುಕ್ರವಾರ

ಇವರಿಗೆ,

ಅಲ್ಲ ಎಂದು ನೀವು ಬರೆಯಲಿಲ್ಲ. ಪತ್ರವನ್ನು ಮೂರು ಸಲ ಓದಿ ಆ ಒಂದು ಮಾತಿಗೆ ಹುಡುಕಿದೆ.

ಬೊಮ್ಮಯ್ಯ ಓದಿದರೆ ಓದಲಿ. ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನಿನ್ನೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಯಾಕೆ ಹೋದೆ ಎಂದು ಕೇಳಬೇಡಿ. ಆ ಆಳು ಅಲ್ಲಿಲ್ಲ, ಎದ್ದು ನಡೆದು ಮನೆಗೆ ಹೋದ ಎಂದು ಯಾರಾದರೂ ಹೇಳಲಿ ಎಂಬ ಆಸೆ. ಒಂದು ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು, ಯಾರೋ ಸಂಬಂಧಿಕರನ್ನು ನೋಡಲು ಹೋಗುವವಳ ಹಾಗೆ ಹೋದೆ.

ಅವನ ಹೆಸರು ಕೆಂಚಯ್ಯ. ಯಾರದ್ದೋ ತೋಟದಲ್ಲಿ ಆಳು. ತೊಡೆಯ ಮೂಳೆ ಮುರಿದು ಒಳಗೆ ಸರಳು ಹಾಕಿದ್ದಾರೆ. ಗಾಯಕ್ಕೆ ಕೀವು ತುಂಬಿ ಜ್ವರ ಇಳಿಯುತ್ತಿಲ್ಲ. ಜೀವದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದು ನರ್ಸು ಹೇಳಿದಳು. ಪಕ್ಕದಲ್ಲಿ ಹೆಂಡತಿ ದ್ಯಾವಮ್ಮ ಕೂತಿದ್ದಾಳೆ. ನನ್ನ ವಯಸ್ಸೇ ಇರಬೇಕು.

ಕಿಟಕಿಯ ಸರಳಿಗೆ ಒಂದು ಕೊಡೆ ತೂಗುತ್ತಿತ್ತು. ಕಪ್ಪು ಕೊಡೆ. ಹಸಿರು ತೇಪೆ.

ನನ್ನ ಹೊಲಿಗೆ ನನಗೆ ಗುರುತಾಗುವುದಿಲ್ಲವೇ? ನಾನು ಕೊಡೆಯನ್ನೇ ನೋಡುತ್ತಿದ್ದುದನ್ನು ಕಂಡು ಅವಳೇ ಮಾತು ತೆಗೆದಳು. “ಗುದ್ದಿದೋರದ್ದೇ ಅದು ಅಮ್ಮಾ. ಗುದ್ದಿ ನಿಲ್ಸಿ, ಇಳಿದು ಬಂದ್ರಂತೆ. ಇವರ ಮುಖಕ್ಕೆ ಮಳೆ ಬೀಳ್ದಿರ್ಲಿ ಅಂತ ಕೊಡೆ ಬಿಚ್ಚಿ ತಲೆ ಹತ್ರ ಇಟ್ರಂತೆ. ಆಮೇಲೆ ಹೊರಟೇ ಹೋದ್ರಂತೆ. ಹಿಂದಿಂದ ಬಂದ ಲಾರಿಯೋರಿಗೆ ಇವರು ಕಾಣ್ಲಿಲ್ವಂತೆ, ಕೊಡೆ ಕಂಡು ನಿಲ್ಸಿದ್ದು. ಅದು ಎಂಥ ಮನುಷ್ಯ ಅಂತ ನಂಗೆ ಗೊತ್ತಾಗ್ತಿಲ್ಲ. ಬೈಯೋಕೂ ಬಾಯಿ ಬರ್ತಿಲ್ಲ.”

“ನಿಮ್ಮನೆ ಎಲ್ಲಾಯ್ತು ಅಮ್ಮಾ?” ಎಂದು ಅವಳು ಕೇಳಿದಾಗ ಇಲ್ಲೇ ಪೇಟೆಯಲ್ಲಿ ಎಂದು ಹೇಳಿ ಓಡಿ ಬಂದೆ. ಫ್ಲಾಸ್ಕು ಅಲ್ಲೇ ಉಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಬಂದರೆ ಸುಬ್ಬಣ್ಣ ಜಗಲಿಯಲ್ಲಿ ಕೂತಿದ್ದಾರೆ. ಬೇರೆ ಕೆಲಸಕ್ಕೆ ಈ ಕಡೆ ಬಂದವರು. “ಕಾರು ಆರಾಮಾಗಿ ಮಲಗಿದೆ ಅಲ್ವಾ ಅಮ್ಮಾ?” ಎಂದು ಶೆಡ್ಡಿನ ಕಡೆ ನೋಡಿದರು. ಮಳೆ ಹಿಡಿದಾಗಿನಿಂದ ಇಲ್ಲೇ ಇದೆ ಎಂದೆ. ಅವರು ಅಷ್ಟು ಕೇಳಿರಲಿಲ್ಲ. ನೀವು ಕಲಿಸಿದ ಮಾತು ತಾನಾಗಿಯೇ ಬಂತು. ರಶ್ಮಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಪ್ಪ ಆ ಕಾರಿನಲ್ಲೇ ಹೊರಟಿದ್ದು ಅವಳಿಗೂ ಗೊತ್ತು. ಅವಳು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ನಾವಿಬ್ಬರೂ ಸೇರಿ ಹತ್ತು ವರ್ಷದ ಮಗುವಿಗೆ ಏನು ಕಲಿಸುತ್ತಿದ್ದೇವೆ?

ಗೇಟಿನ ಸದ್ದಾದರೆ ಪೊಲೀಸರು ಬಂದರೆಂದು ಭಯ. ಬರದಿದ್ದರೆ, ಅವರು ಎಂದಿಗೂ ಬರುವುದೇ ಇಲ್ಲವೇನೋ, ಸಾಯುವ ತನಕ ಹೀಗೇ ಇರಬೇಕೇನೋ ಎಂದು ಅದಕ್ಕಿಂತ ದೊಡ್ಡ ಭಯ.

ಬನ್ನಿ. ಬಂದು ನೀವೇ ಹೇಳಿ.

ಸರ್ವಮಂಗಳಾ


ಕಲ್ಲುಗುಡ್ಡೆ
19 ಆಗಸ್ಟ್ 1998

ಮಂಗಳಾ,

ನಿನ್ನ ಪತ್ರ ಓದಿದ ಮೇಲೆ ತೋಟಕ್ಕೆ ಇಳಿದಿಲ್ಲ. ಕೊಡೆ ಲಾರಿಯವರಿಗೆ ಕಂಡಿತು ಎಂದು ಬರೆದಿದ್ದೀಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ಕುಡಿದಿರಲಿಲ್ಲ. ಇದನ್ನು ನೀನು ನಂಬಬೇಕು. ಮಂಜು ಕವಿದಿತ್ತು. ಅವನು ಕರಿ ಕಂಬಳಿ ಹೊದ್ದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ. ಕಂಡಾಗ ಕಾರು ಅವನ ಮೇಲೇ ಇತ್ತು. ಇಳಿದು ಹೋದೆ. ಕಣ್ಣು ಬಿಟ್ಟು ನನ್ನನ್ನೇ ನೋಡಿದ. ನೀರು ಕೇಳಿದ. ಎತ್ತಿ ಕಾರಿನಲ್ಲಿ ಹಾಕಿಕೊಂಡು ಆಲ್ದೂರಿಗೆ ವಾಪಸು ಹೋಗಬೇಕು ಎಂದು ಬಗ್ಗಿದವನೂ ಹೌದು. ಅಷ್ಟರಲ್ಲಿ, ಇವನು ನನ್ನ ಕಾರಿನಲ್ಲೇ ಸತ್ತರೆ ಎನ್ನಿಸಿತು. ಕೊಡೆ ಇಟ್ಟದ್ದು ನೆನಪಿದೆ. ದಾರಿಯಲ್ಲಿ ಮಾಗುಂಡಿ ದಾಟಿದ್ದು ನೆನಪಿಲ್ಲ.

ನನಗೆ ಹೆದರಿಕೆ ಮಂಗಳಾ. ಠಾಣೆಯ ಮೆಟ್ಟಿಲು ಹತ್ತುವುದನ್ನು ನೆನೆಸಿಕೊಳ್ಳಲೂ ಆಗುತ್ತಿಲ್ಲ. ಊರಿನಲ್ಲಿ ತಲೆಯೆತ್ತಿ ತಿರುಗಿದವನು ನಾನು. ಕೊಯ್ಲು ಮುಗಿಯುವ ತನಕ ಸಮಯ ಕೊಡು. ಅಥವಾ ನೀನೇ ಏನಾದರೂ ತೀರ್ಮಾನ ಮಾಡು. ನೀನು ಹೇಳಿದ ಹಾಗೆ ಕೇಳುತ್ತೇನೆ.

ಓಂಕಾರ


ಚಿಕ್ಕಮಗಳೂರು
23 ಆಗಸ್ಟ್ 1998, ಭಾನುವಾರ

ಇವರಿಗೆ,

ತೀರ್ಮಾನ ಮಾಡು ಎಂದು ನನ್ನ ತಲೆಗೆ ಕಟ್ಟಿದ್ದೀರಿ. ಕಾರಿನ ವಿಳಾಸ ಯಾವುದೆಂದು ನಾನು ಹೇಳಿದಾಗ ಕೇಳದವರು ಈಗ ಇದನ್ನು ಕೇಳುತ್ತೀರಂತೆ. ಸಿಟ್ಟು ಬಂತು. ಸಿಟ್ಟಿನಲ್ಲಿ ಸ್ವಲ್ಪ ಹೊತ್ತು ಭಯ ಮರೆತಿದ್ದೆ, ಅಷ್ಟೇ ಲಾಭ.

ನಿನ್ನೆ ಶನಿವಾರದ ಬಸ್ಸಿಗೆ ಬರುತ್ತೀರೇನೋ ಎಂದು ಗೇಟಿನಲ್ಲಿ ನಿಂತಿದ್ದೆ. ಬೊಮ್ಮಯ್ಯ ಇಲ್ಲ ಎಂದು ಕೈ ಆಡಿಸಿ ಹೋದ. ಇವತ್ತು ರಶ್ಮಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋದೆ.

ಕೆಂಚಯ್ಯನಿಗೆ ಜ್ವರ ಇನ್ನೂ ಇದೆ. ಕಾಲು ಉಳಿಯುವುದು ಕಷ್ಟವಂತೆ. ದ್ಯಾವಮ್ಮ ನನ್ನ ಫ್ಲಾಸ್ಕನ್ನು ತೊಳೆದು ಎತ್ತಿಟ್ಟಿದ್ದಳು. ಕೈಗೆ ಕೊಡುತ್ತಾ ಮತ್ತೆ ಅದನ್ನೇ ಕೇಳಿದಳು. “ಅವತ್ತು ಸರಿಯಾಗಿ ಹೇಳ್ದೇ ಹೋದ್ರಿ. ನಿಮ್ಮನೆ ಎಲ್ಲಾಯ್ತು ಅಮ್ಮಾ?”

ನನಗೆ ಎರಡು ಮನೆ. ಯಾವುದನ್ನು ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ. “ಕಳಸದ ಹತ್ರ ಕಲ್ಲುಗುಡ್ಡೆ ಎಸ್ಟೇಟ್. ಆ ಕೊಡೆ ನಮ್ಮನೇದು” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

ಹೊಡೆಯುತ್ತಾಳೆ, ಕೂಗಿ ಜನ ಸೇರಿಸುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೊನೆಗೆ, “ನಿಂತೋರು ನಿಮ್ಮ ಯಜಮಾನ್ರಾ?” ಎಂದಳು. “ನಿಂತೋರೂ ಅವರೇ, ಬಿಟ್ಟು ಹೋದೋರೂ ಅವರೇ” ಎಂದೆ. “ಹಂಗಾರೆ ಅವರೇ ಬಂದು ಹೇಳ್ಲಿ. ನೀವು ಅಳಬೇಡಿ. ನೀವು ಅತ್ರೆ ನಾನೇನು ಮಾಡ್ಲಿ?” ಎಂದಳು. ಆಮೇಲೆ ಅವಳೂ ಅತ್ತಳು. ನನ್ನ ಕೈ ಹಿಡಿಯಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಅಲ್ಲಿಂದ ನೇರವಾಗಿ ಸುಬ್ಬಣ್ಣನ ಮನೆಗೆ ಹೋಗಿ, ಅವತ್ತು ಹೇಳಿದ್ದು ಸುಳ್ಳು ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಪಾಲಿಸೀಲಿ ಪೇಟೆ ವಿಳಾಸ ಇದ್ರೂ ಕಾರು ಆ ರಸ್ತೇಲಿತ್ತು ಅನ್ನೋದ್ರಿಂದ ಆ ಮನುಷ್ಯನ ಪರಿಹಾರಕ್ಕೆ ತೊಂದ್ರೆ ಬರಲ್ಲ. ಮುಚ್ಚಿಟ್ರೆ ಮಾತ್ರ ಅವನಿಗೆ ಏನೂ ಸಿಗಲ್ಲ. ನಾಳೆಯೇ ಠಾಣೆಗೆ ಹೋಗಿ” ಎಂದರು. ನಿಮಗೆ ಏನಾಗುತ್ತದೆ ಎಂದು ಕೇಳಿದೆ. ಅದನ್ನು ವಕೀಲರನ್ನು ಕೇಳಬೇಕಂತೆ.

ಕಾರಿನ ಹೊದಿಕೆ ತೆಗೆದು ಮಡಿಚಿಟ್ಟಿದ್ದೇನೆ. ಎಳೆಗಳನ್ನು ಒಲೆಗೆ ಹಾಕಿಲ್ಲ. ಬಳೆಯಲ್ಲಿ ಹೇಗಿದ್ದವೋ ಹಾಗೇ ಇವೆ.

ಈ ಪತ್ರ ನಾಳೆ ಬೆಳಗಿನ ಬಸ್ಸಿನಲ್ಲಿ ಬರುತ್ತದೆ. ಅದೇ ಬಸ್ಸು ಮಧ್ಯಾಹ್ನ ಕಳಸದಿಂದ ವಾಪಸು ಹೊರಡುತ್ತದೆ. ಅದನ್ನು ಹತ್ತಿ. ಬೆಚ್ಚಗಿನ ಸ್ವೆಟರ್ ಹಾಕಿಕೊಳ್ಳಿ, ಎರಡು ಜೊತೆ ಬಟ್ಟೆ ತನ್ನಿ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಇಬ್ಬರೂ ಒಟ್ಟಿಗೆ ಠಾಣೆಗೆ ಹೋಗೋಣ. ನೀವು ಬರದಿದ್ದರೆ ನಾನೊಬ್ಬಳೇ ಹೋಗಿ ಹೇಳುತ್ತೇನೆ. ಮದುವೆಯಾದಾಗಿನಿಂದ ನಿಮ್ಮ ಬಗ್ಗೆ ಒಬ್ಬರ ಹತ್ತಿರವೂ ದೂರು ಹೇಳಿದವಳಲ್ಲ. ಹೇಳಿದ ಮೇಲೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ, ರಶ್ಮಿ ದೊಡ್ಡವಳಾಗಿ ಏನನ್ನುತ್ತಾಳೋ, ಎಲ್ಲದಕ್ಕೂ ನನಗೆ ಭಯ.

ಆ ಬಸ್ಸಿನಲ್ಲಿ ನೀವಿರಬೇಕು.

ಸರ್ವಮಂಗಳಾ


ಆಲ್ದೂರು
24 ಆಗಸ್ಟ್ 1998, ಸೋಮವಾರ ಸಂಜೆ

ಮಂಗಳಾ,

ನೀನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೀಯ. ಬಸ್ಸಿನಲ್ಲಿ ನಾನಿಲ್ಲದ್ದು ಕಂಡು ಗಾಬರಿಯಾಗಬೇಡ. ಇದನ್ನು ಬೊಮ್ಮಯ್ಯನ ಕೈಯಲ್ಲಿ ಕೊಡುತ್ತಿದ್ದೇನೆ. ನನಗೋಸ್ಕರ ಬಸ್ಸು ನಿಲ್ಲಿಸಿಕೊಂಡು ನಿಂತಿದ್ದಾನೆ. ಒಳಗಿನವರು ಬೈಯುತ್ತಿದ್ದಾರೆ.

ಆ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ. ಪೇಟೆಯವರೆಗೂ ಬಂದರೆ ನಿನ್ನ ಮುಖ ನೋಡಿದ ಮೇಲೆ ಮನೆಗೆ ಹೋಗೋಣ ಎಂದುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಆಲ್ದೂರಿನಲ್ಲಿ ಇಳಿದೆ. ಠಾಣೆ ಎದುರಿಗೇ ಇದೆ. ಒಳಗೆ ಹೋಗಿ, ಹೊರನಾಡಿನ ಕಾರುಗಳನ್ನು ಹುಡುಕುವುದು ಬೇಡ, ಗುದ್ದಿದವನು ನಾನು ಎಂದು ಹೇಳಿದೆ. ಒಳಗೆ ಹೋದಾಗ ಕೂರಲು ಕುರ್ಚಿ ಕೊಟ್ಟಿದ್ದವರು, ಇದನ್ನು ಕೇಳಿದ ಮೇಲೆ ಬೆಂಚಿನ ಮೇಲೆ ಕೂರಿಸಿದರು.

ನಾಳೆ ಏನು ಮಾಡುತ್ತಾರೋ ತಿಳಿಯದು. ಕೆಂಚಯ್ಯನ ಹೆಂಡತಿಗೆ ಹೇಳು, ಬಿಟ್ಟರೆ ಮೊದಲು ಆಸ್ಪತ್ರೆಗೇ ಬರುತ್ತೇನೆ. ರಶ್ಮಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು.

ಬರೆದುಕೊಳ್ಳುವವನು ವಿಳಾಸ ಕೇಳಿದ. ಎರಡು ಮನೆ ಎಂದೆ. ಒಂದನ್ನು ಹೇಳಿ ಎಂದ. ನಿನ್ನ ಮನೆಯದನ್ನು ಹೇಳಿದ್ದೇನೆ. ಹೇಳಬಹುದಲ್ಲವೇ?

ಓಂಕಾರ